ಕತ್ತಲೆಯ ಪಾಠ ಕಲಿಯುವ ಕ್ಯಾಮೆರಾ

ರಾತ್ರಿ ಒಂಬತ್ತು ಗಂಟೆ. ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಚಿತ್ರೀಕರಣಕ್ಕೆ ಎಲ್ಲವೂ ಸಜ್ಜು. ನಟಿಯ ಕೈಯಲ್ಲಿ ಹೊತ್ತಿಸಿದ ಲಾಟೀನು. ನಿರ್ದೇಶಕ ಆಗಲೇ ಮೂರು ಬಾರಿ ಗಡಿಯಾರ ನೋಡಿಕೊಂಡಿದ್ದಾನೆ. ಬಾಡಿಗೆ ಕ್ಯಾಮೆರಾ ಬೆಳಗಾದರೆ ವಾಪಸು ಹೋಗಬೇಕು. ಅಷ್ಟರಲ್ಲಿ ಕ್ಯಾಮೆರಾ ಸಹಾಯಕ ಬಂದು ಲೆನ್ಸನ್ನು ಕಳಚುತ್ತಾನೆ. ಕ್ಯಾಮೆರಾದ ಬಾಯಿಗೆ ಕಪ್ಪು ಮುಚ್ಚಳ ಬಿಗಿದು, ಒಂದು ಗುಂಡಿ ಒತ್ತಿ, ಪಕ್ಕದಲ್ಲಿ ಕೂತುಬಿಡುತ್ತಾನೆ. ಹಲವು ನಿಮಿಷ ಯಾರೂ ಏನೂ ಮಾಡುವಂತಿಲ್ಲ. ಕ್ಯಾಮೆರಾ ಚಿತ್ರ ತೆಗೆಯುತ್ತಿದೆ. ಯಾವುದರ ಚಿತ್ರ? ಕಗ್ಗತ್ತಲೆಯದು!

ಶೂಟಿಂಗ್ ನೋಡಲು ಬಂದವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಆ ಕೆಲವು ನಿಮಿಷಗಳನ್ನು ಉಳಿಸಲು ಹೋದವರಿಗೆ ಅದರ ಬೆಲೆ ತಿಳಿಯುವುದು ಎಡಿಟಿಂಗ್ ಕೋಣೆಯಲ್ಲಿ. ದೊಡ್ಡ ಪರದೆಯ ಮೇಲೆ ನೋಡಿದರೆ ನಾಯಕಿಯ ಹಿಂದಿನ ಕತ್ತಲೆ ಕತ್ತಲೆಯಾಗಿಯೇ ಇಲ್ಲ. ಅಲ್ಲಿ ಕೆಂಪು, ನೀಲಿ ಚುಕ್ಕೆಗಳು ಕೂತಿವೆ. ಉದ್ದುದ್ದ ಗೆರೆಗಳು ಪರದೆ ಕಟ್ಟಿದಂತೆ ಕಾಣುತ್ತವೆ. ಕಪ್ಪು ಬಣ್ಣ ನೇರಳೆಗೆ ತಿರುಗಿದೆ. ಅಷ್ಟರಲ್ಲಿ ಹೆಂಚಿನ ಮನೆ ಬಿಟ್ಟುಕೊಟ್ಟಾಗಿರುತ್ತದೆ, ನಟಿ ಊರಿಗೆ ಹೋಗಿರುತ್ತಾಳೆ, ಒಟ್ಟುಗೂಡಿಸಿದ ಹಣವೂ ಮುಗಿದಿರುತ್ತದೆ. ಆ ರಾತ್ರಿಯನ್ನು ಮತ್ತೆ ತರುವುದು ಹೇಗೆ?

ಕಾಲೇಜು ಹುಡುಗ ಹುಡುಗಿಯರು ಕಿರುಚಿತ್ರ ಮಾಡುವುದು ಈಗ ಸಾಮಾನ್ಯ ಸಂಗತಿ. ಅಪ್ಪ ಅಮ್ಮನ ಮುಂದೆ ಬರುವ ಮೊದಲ ಬೇಡಿಕೆಯೂ ಕ್ಯಾಮೆರಾದ್ದೇ. ಅದರಲ್ಲೂ ‘ಕತ್ತಲೆಯಲ್ಲೂ ಹಗಲಿನಂತೆ ಚಿತ್ರ ತೆಗೆಯುತ್ತದಂತೆ’ ಎಂಬ ಮಾತು ಸೇರಿಕೊಂಡರೆ ಬೆಲೆ ದುಪ್ಪಟ್ಟಾದರೂ ಮಕ್ಕಳ ಮನಸ್ಸು ಅಲ್ಲೇ ನೆಟ್ಟಿರುತ್ತದೆ. ಆ ಮಾತಿನಲ್ಲಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂದು ತಿಳಿಯಬೇಕಾದರೆ ಮೊದಲು ಕ್ಯಾಮೆರಾದ ಒಳಗೆ ಇಣುಕಬೇಕು.

ಮಳೆಗೆ ಒಡ್ಡಿದ ಲೋಟಗಳು

ಹಿಂದೆ ರೀಲು ಓಡುತ್ತಿದ್ದ ಜಾಗದಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಸಿಲಿಕಾನ್ ಬಿಲ್ಲೆಯೊಂದು ಕೂತಿರುತ್ತದೆ. ಅದೇ ಸೆನ್ಸರ್. (ಚಿತ್ರ ತಯಾರಾದ ಮೇಲೆ ಕತ್ತರಿ ಹಿಡಿದು ಕೂರುವ ಸೆನ್ಸಾರ್ ಮಂಡಳಿಗೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ.) 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಇಂಥ ಬಿಲ್ಲೆಯ ಮೊದಲ ರೂಪವಾದ ಸಿಸಿಡಿಯನ್ನು ಕಂಡುಹಿಡಿದರು, ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಇಂದಿನ ಸಿನಿಮಾ ಕ್ಯಾಮೆರಾಗಳಲ್ಲೂ ಮೊಬೈಲುಗಳಲ್ಲೂ ಇರುವುದು ಅದರ ತಮ್ಮ, ಸಿಮಾಸ್ ಸೆನ್ಸರ್. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಅದನ್ನು ಬಳಕೆಗೆ ಒಗ್ಗಿಸಿದರು. ನಕ್ಷತ್ರ ಗ್ರಹಗಳ ಚಿತ್ರ ತೆಗೆಯುವವರ ಅಗತ್ಯಕ್ಕೆ ಬೆಳೆದ ವಿದ್ಯೆಯೇ ಸಿನಿಮಾ ತಾರೆಯರ ಚಿತ್ರಕ್ಕೂ ಒದಗಿ ಬಂದದ್ದು ಹೀಗೆ.

ಈ ಬಿಲ್ಲೆಯ ಮೇಲೆ ಲಕ್ಷಾಂತರ ಪುಟ್ಟ ಗುಳಿಗಳಿವೆ. 2010ರಲ್ಲಿ ಬಂದ ಆರಿ ಕಂಪನಿಯ ಅಲೆಕ್ಸಾ ಕ್ಯಾಮೆರಾದಲ್ಲಿ ಒಂದೊಂದು ಗುಳಿಯ ಅಗಲ 8.25 ಮೈಕ್ರಾನ್. ತಲೆಗೂದಲ ದಪ್ಪದಲ್ಲಿ ಇಂಥ ಎಂಟೊಂಬತ್ತು ಗುಳಿಗಳನ್ನು ಸಾಲಾಗಿ ಕೂರಿಸಬಹುದು. ಅಂಗಳದ ತುಂಬ ಲೋಟಗಳನ್ನು ಜೋಡಿಸಿ ಮಳೆಗೆ ಒಡ್ಡಿದ ಹಾಗೆ ಎಂದುಕೊಳ್ಳಿ. ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಹನಿಗಳಂತೆ ಬಂದು ಬೀಳುತ್ತವೆ. ಬಿದ್ದ ಕಣಗಳು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಯಾವ ಲೋಟದಲ್ಲಿ ಎಷ್ಟು ತುಂಬಿತು ಎಂದು ಪ್ರತಿ ಚೌಕಟ್ಟಿಗೂ ಅಳೆದು ಬರೆದಿಟ್ಟುಕೊಂಡರೆ ಅದೇ ಚಿತ್ರ.

ತೊಂದರೆ ಇರುವುದು ಇಲ್ಲೇ. ಮಳೆ ಬಾರದಿದ್ದರೂ ಈ ಲೋಟಗಳಲ್ಲಿ ತಳಮಟ್ಟಕ್ಕೆ ನೀರು ಒಸರುತ್ತದೆ! ಸಿಲಿಕಾನ್ ಬಿಸಿಯಾದಂತೆ ಬೆಳಕಿನ ಹಂಗಿಲ್ಲದೆ ತಾನೇ ಎಲೆಕ್ಟ್ರಾನುಗಳನ್ನು ಬಿಡುಗಡೆ ಮಾಡುತ್ತದೆ. ಇದಕ್ಕೆ ‘ಕತ್ತಲೆಯ ವಿದ್ಯುತ್’ ಎಂದೇ ಹೆಸರು. ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸಾಕು, ಇದು ಇಮ್ಮಡಿಯಾಗುತ್ತದೆ. ಸಾಲದ್ದಕ್ಕೆ ಎಲ್ಲ ಗುಳಿಗಳೂ ಒಂದೇ ಅಚ್ಚಿನವಲ್ಲ. ಒಂದು ಹೆಚ್ಚು ಒಸರುತ್ತದೆ, ಇನ್ನೊಂದು ಕಡಿಮೆ. ಕೆಲವಂತೂ ಸದಾ ತುಂಬಿ ತುಳುಕುವ ತುಂಟರು; ಪರದೆಯ ಮೇಲೆ ಬಿಳಿಯ ಅಥವಾ ಕೆಂಪು ಚುಕ್ಕೆಯಾಗಿ ಕಾಣುವವು ಇವೇ. ಗುಳಿಗಳ ಲೆಕ್ಕ ಓದುವ ಮಂಡಲಗಳಲ್ಲೂ ಸಾಲಿನಿಂದ ಸಾಲಿಗೆ ಕೊಂಚ ವ್ಯತ್ಯಾಸವಿರುವುದರಿಂದ ಗೆರೆಗಳು ಮೂಡುತ್ತವೆ.

ಹಗಲಿನಲ್ಲಿ ಇದೆಲ್ಲ ಗಮನಕ್ಕೇ ಬರುವುದಿಲ್ಲ. ಸಾವಿರಾರು ಹನಿ ಬಿದ್ದ ಲೋಟದಲ್ಲಿ ನಾಲ್ಕು ಹನಿ ಹೆಚ್ಚೋ ಕಡಿಮೆಯೋ ಯಾರಿಗೆ ಬೇಕು? ಆದರೆ ಲಾಟೀನಿನ ಬೆಳಕಿನಲ್ಲಿ ಹಿನ್ನೆಲೆಯ ಗೋಡೆಯಿಂದ ಬರುವುದೇ ಹತ್ತಿಪ್ಪತ್ತು ಹನಿಯಾದರೆ, ಆ ನಾಲ್ಕು ಹನಿಗಳು ಗೋಡೆಯ ಚಿತ್ರವನ್ನೇ ಕೆಡಿಸುತ್ತವೆ.

ಖಾಲಿ ಡಬ್ಬಿಯ ತೂಕ

ಅಂಗಡಿಯವನು ಎಣ್ಣೆ ತೂಗುವ ಮೊದಲು ಗಿರಾಕಿ ತಂದ ಖಾಲಿ ಡಬ್ಬಿಯನ್ನು ತಕ್ಕಡಿಯಲ್ಲಿಟ್ಟು ಸಮ ಮಾಡಿಕೊಳ್ಳುತ್ತಾನಷ್ಟೆ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕಾಯುವುದೂ ಇದೇ ಕೆಲಸ. ಬೆಳಕೇ ಇಲ್ಲದಾಗ ಯಾವ ಗುಳಿ ಎಷ್ಟು ಒಸರುತ್ತದೆ ಎಂದು ಕ್ಯಾಮೆರಾ ಮತ್ತೆ ಮತ್ತೆ ಅಳೆದು, ಸರಾಸರಿ ತೆಗೆದು, ಒಂದು ನಕ್ಷೆ ಮಾಡಿಟ್ಟುಕೊಳ್ಳುತ್ತದೆ. ಮುಂದೆ ತೆಗೆಯುವ ಪ್ರತಿ ಚೌಕಟ್ಟಿನಿಂದಲೂ ಆ ನಕ್ಷೆಯನ್ನು ಕಳೆಯುತ್ತದೆ. ಉಳಿದದ್ದು ಹೊರಗಿನ ಲೋಕದ ಬೆಳಕು.

2007ರಲ್ಲಿ ಮಾರುಕಟ್ಟೆಗೆ ಬಂದ ರೆಡ್ ಕ್ಯಾಮೆರಾಗಳ ಬಳಕೆದಾರರಿಗೆ ಇದು ‘ಬ್ಲ್ಯಾಕ್ ಶೇಡಿಂಗ್’ ಎಂಬ ಹೆಸರಿನಲ್ಲಿ ಚಿರಪರಿಚಿತ. ಸೋನಿಯವರ ಕ್ಯಾಮೆರಾಗಳಲ್ಲಿ ತುಂಟ ಗುಳಿಗಳನ್ನು ಹುಡುಕಿ ಮರೆಮಾಡುವ ಎಪಿಆರ್ ಎಂಬ ವ್ಯವಸ್ಥೆಯಿದೆ. ಟಿವಿ ಕ್ಯಾಮೆರಾದವರು ಬಹಳ ಹಿಂದಿನಿಂದ ‘ಬ್ಲ್ಯಾಕ್ ಬ್ಯಾಲೆನ್ಸ್’ ಎನ್ನುತ್ತ ಬಂದಿದ್ದಾರೆ. ಆರಿಯವರು ಈ ಅಳತೆಯನ್ನು ಕಾರ್ಖಾನೆಯಲ್ಲೇ ಮಾಡಿ, ಒಳಗಿನ ಶಾಖ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಂಡು ಬಳಸುವವರ ತಲೆನೋವು ತಪ್ಪಿಸಿದ್ದಾರೆ. ಹೆಸರು ಬೇರೆ ಬೇರೆ, ವಿಧಾನದಲ್ಲೂ ವ್ಯತ್ಯಾಸವಿದೆ. ಮೂಲದ ವಿಚಾರ ಒಂದೇ.

ರೆಡ್ ಕ್ಯಾಮೆರಾದಲ್ಲಿ ಹೊಸಬರು ತಪ್ಪುವುದು ಎರಡು ಕಡೆ. ಮೊದಲನೆಯದು ಅವಸರ. ಕ್ಯಾಮೆರಾ ಆನ್ ಮಾಡಿದ ಕೂಡಲೇ, ಅದಿನ್ನೂ ತಣ್ಣಗಿರುವಾಗಲೇ ಅಳತೆ ಮಾಡಿಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಅದು ಬಿಸಿಯಾಗುತ್ತದೆ, ಒಸರುವಿಕೆ ಹೆಚ್ಚುತ್ತದೆ, ನಕ್ಷೆ ಸುಳ್ಳಾಗುತ್ತದೆ. ಆದ್ದರಿಂದ ಮೊದಲು ಕೆಲಸದ ಬಿಸಿಗೆ ಬರಲು ಬಿಡಬೇಕು. ಎರಡನೆಯದು ಊರಿನ ಬದಲಾವಣೆ. ಮಧ್ಯಾಹ್ನ ರಾಯಚೂರಿನ ಬಿಸಿಲಿನಲ್ಲಿ ಮಾಡಿದ ನಕ್ಷೆ ಮಡಿಕೇರಿಯ ಚಳಿಗೆ ಹೊಂದೀತೆ? ಕೆಲವು ಮಾದರಿಗಳ ಪರದೆಯ ಮೇಲೆ ಟಿ ಮತ್ತು ಇ ಎಂಬ ಎರಡು ಅಕ್ಷರಗಳಿರುತ್ತವೆ. ಟಿ ಎಂದರೆ ತಾಪ, ಇ ಎಂದರೆ ಎಕ್ಸ್‌ಪೋಷರ್ ಕಾಲ. ಹಸಿರಾಗಿದ್ದರೆ ನಕ್ಷೆ ಈಗಿನ ಸ್ಥಿತಿಗೆ ಹೊಂದುತ್ತದೆ, ಕೆಂಪಾದರೆ ಮತ್ತೆ ಮುಚ್ಚಳ ಹುಡುಕಬೇಕು. ಆ ಎರಡು ಅಕ್ಷರಗಳತ್ತ ಕಣ್ಣಿಡುವ ಸಹಾಯಕನಿಗೆ ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಸಾಲಿನಲ್ಲಿ ಇನ್ನೊಂದಿಷ್ಟು ದೊಡ್ಡ ಅಕ್ಷರ ಕೊಟ್ಟರೂ ತಪ್ಪಿಲ್ಲ.

ಇದೇ ಶಿಸ್ತನ್ನು ಖಗೋಳ ವಿಜ್ಞಾನಿಗಳಲ್ಲಿ ಕಾಣಬಹುದು. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ 2 ಮೀಟರ್ ದೂರದರ್ಶಕವೊಂದು ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ನಕ್ಷತ್ರಗಳ ಮಂದ ಬೆಳಕನ್ನು ಅಳೆಯುವ ಯಾವ ಖಗೋಳಜ್ಞನೂ ಖಾಲಿ ಚೌಕಟ್ಟುಗಳನ್ನು ತೆಗೆಯದೆ ಕೆಲಸಕ್ಕೆ ಇಳಿಯುವುದಿಲ್ಲ. ಸಂಜೆಯ ಸಮ ಬಣ್ಣದ ಆಕಾಶಕ್ಕೆ ಹಿಡಿದು ಎಲ್ಲ ಗುಳಿಗಳೂ ಬೆಳಕಿಗೆ ಒಂದೇ ರೀತಿ ಸ್ಪಂದಿಸುತ್ತವೆಯೇ ಎಂದೂ ಪರೀಕ್ಷಿಸುತ್ತಾರೆ. ಅದಕ್ಕೂ ಮುಂದೆ ಹೋಗಿ ಸಿಸಿಡಿಯನ್ನು ದ್ರವ ಸಾರಜನಕದಿಂದ ಸೊನ್ನೆಗಿಂತ ನೂರು ಡಿಗ್ರಿ ಕೆಳಕ್ಕೆ ತಣಿಸಿ, ಒಸರುವಿಕೆಯನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಡುವ ವಾಡಿಕೆಯೂ ಉಂಟು.

ಆದರೆ ಅವರಿಗಿರುವ ಒಂದು ಅನುಕೂಲ ಸಿನಿಮಾದವರಿಗಿಲ್ಲ. ಆಕಾಶಗಂಗೆ ಎಲ್ಲಿಗೂ ಓಡುವುದಿಲ್ಲ. ಬೆಳಕು ಸಾಲದಿದ್ದರೆ ಹತ್ತು ನಿಮಿಷವೋ ಒಂದು ಗಂಟೆಯೋ ಬಾಗಿಲು ತೆರೆದಿಟ್ಟು ಕಾಯಬಹುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಚಲನೆ ಸಹಜವಾಗಿ ಕಾಣಬೇಕಾದರೆ ಒಂದೊಂದು ಚೌಕಟ್ಟಿಗೂ ರೂಢಿಯಲ್ಲಿ ಸಿಗುವುದು ಸೆಕೆಂಡಿನ 48ನೇ ಒಂದು ಪಾಲು. ಅಷ್ಟರಲ್ಲಿ ಬಿದ್ದ ಹನಿಯೇ ಗತಿ.

ನಕ್ಷೆ ಕಳೆಯಲಾಗದ ಗದ್ದಲ

ಹಾಗಾದರೆ ಮುಚ್ಚಳ ಹಾಕಿ ಸರಿಯಾಗಿ ಅಳತೆ ಮಾಡಿಬಿಟ್ಟರೆ ಕತ್ತಲೆ ಗೆದ್ದಂತೆಯೇ? ಇಲ್ಲ. ಮಕ್ಕಳೂ ಹೆತ್ತವರೂ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು.

ಸದಾ ಒಂದೇ ಜಾಗದಲ್ಲಿ ಇರುವ ಕಲೆಯನ್ನು ಮಾತ್ರ ನಕ್ಷೆ ಕಳೆಯಬಲ್ಲದು. ಬೆಳಕಿನ ಸ್ವಭಾವದಲ್ಲೇ ಇನ್ನೊಂದು ಬಗೆಯ ಗದ್ದಲವಿದೆ. ಛಾಯಾಗ್ರಾಹಕರು ನಾಯ್ಸ್ ಎನ್ನುತ್ತಾರೆ, ರೀಲಿನ ಕಾಲದವರು ಈಗಲೂ ‘ಗ್ರೇನ್ಸ್ ಬಂದಿದೆ’ ಎನ್ನುವುದುಂಟು. ಮಳೆಹನಿಗಳು ಲೆಕ್ಕವಿಟ್ಟು ಬೀಳುವುದಿಲ್ಲವಷ್ಟೆ. ಅಕ್ಕಪಕ್ಕದ ಎರಡು ಲೋಟಗಳಲ್ಲಿ ಒಂದಕ್ಕೆ ನಾಲ್ಕು ಹನಿ ಹೆಚ್ಚು ಬೀಳಬಹುದು. ಈ ಏರುಪೇರು ಎಷ್ಟೆಂಬುದಕ್ಕೆ ಸರಳ ಸೂತ್ರವಿದೆ: ಹನಿಗಳ ಸಂಖ್ಯೆಯ ವರ್ಗಮೂಲ. ಹತ್ತು ಸಾವಿರ ಫೋಟಾನು ಬಂದರೆ ಏರುಪೇರು ನೂರು, ಅಂದರೆ ನೂರಕ್ಕೆ ಒಂದು ಪಾಲು, ಕಣ್ಣಿಗೆ ಕಾಣದು. ನೂರೇ ಫೋಟಾನು ಬಂದರೆ ಏರುಪೇರು ಹತ್ತು, ಅಂದರೆ ಹತ್ತಕ್ಕೆ ಒಂದು ಪಾಲು. ಗೋಡೆ ಇರುವೆ ಮುತ್ತಿದಂತೆ ಕುದಿಯುತ್ತದೆ. ಇದು ಕ್ಯಾಮೆರಾದ ದೋಷವಲ್ಲ. ಎಷ್ಟು ಲಕ್ಷ ಸುರಿದು ಕೊಂಡರೂ ತಪ್ಪಿದ್ದಲ್ಲ.

‘ಐಎಸ್‌ಒ ಏರಿಸಿದರಾಯಿತು’ ಎಂಬ ಮಾತು ಈಗ ಹುಡುಗರ ಬಾಯಲ್ಲಿ ಸಲೀಸು. ರೀಲಿನ ಕಾಲದಲ್ಲಿ ಈ ಸಂಖ್ಯೆ ಫಿಲ್ಮಿನ ಸೂಕ್ಷ್ಮತೆಯನ್ನು ಹೇಳುತ್ತಿತ್ತು. ಡಿಜಿಟಲ್‌ನಲ್ಲಿ ಗುಂಡಿ ತಿರುಗಿಸಿದರೆ ಲೋಟದ ಬಾಯಿ ಅಗಲವಾಗುವುದಿಲ್ಲ. ಬಿದ್ದ ಅಷ್ಟೇ ಹನಿಯನ್ನು ದೊಡ್ಡದು ಮಾಡಿ ತೋರಿಸುತ್ತದೆ, ಹನಿಯ ಜತೆ ಗದ್ದಲವನ್ನೂ. ಸಂಸ್ಕರಿಸದ ರಾ ರೂಪದಲ್ಲಿ ದಾಖಲಿಸುವ ಎಷ್ಟೋ ಸಿನಿಮಾ ಕ್ಯಾಮೆರಾಗಳಲ್ಲಿ ಈ ಸಂಖ್ಯೆ ಕೇವಲ ಒಂದು ಚೀಟಿ. ಹೀಗೆ ನೋಡು ಎಂದು ಪರದೆಗೆ ಬರೆದುಕೊಟ್ಟ ಸೂಚನೆ ಅಷ್ಟೆ.

ಇದಕ್ಕೊಂದು ಅಪವಾದವಿದೆ. 2017ರಲ್ಲಿ ಪ್ರಕಟವಾದ ಸೋನಿಯ ವೆನಿಸ್ ಕ್ಯಾಮೆರಾಕ್ಕೆ 500 ಮತ್ತು 2500 ಎಂಬ ಎರಡು ಮೂಲ ಐಎಸ್‌ಒಗಳಿವೆ. ಇಂಥ ಕ್ಯಾಮೆರಾಗಳಲ್ಲಿ ಗುಳಿಯ ಲೆಕ್ಕವನ್ನು ಓದಲು ಎರಡು ಬೇರೆ ದಾರಿಗಳು; ಎರಡನೆಯ ದಾರಿ ಮಂದ ಬೆಳಕಿಗೆಂದೇ ಮಾಡಿದ್ದು, ಓದುವಾಗ ಸೇರುವ ಗದ್ದಲ ಅದರಲ್ಲಿ ಕಡಿಮೆ. ಆದ್ದರಿಂದ ಮೊದಲ ದಾರಿಯಲ್ಲೇ ಉಳಿದು 2000ಕ್ಕೆ ಏರಿಸುವುದಕ್ಕಿಂತ ಎರಡನೆಯದಕ್ಕೆ ಹಾರಿ 2500ರಲ್ಲಿ ತೆಗೆದ ಚಿತ್ರ ಸ್ವಚ್ಛವಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಗದ್ದಲ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಮೋಸ ಹೋಗುತ್ತಾರೆ.

ಮೇಣದ ಬತ್ತಿಯ ಲೆಕ್ಕ

ಸ್ಟ್ಯಾನ್ಲಿ ಕೂಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಗಳ ಬೆಳಕಿನಲ್ಲೇ ತೆಗೆದರು. ಆಗಿನ ಫಿಲ್ಮಿನ ವೇಗ 100. ಲ್ಯಾಬಿನಲ್ಲಿ ಹೆಚ್ಚು ಹೊತ್ತು ಸಂಸ್ಕರಿಸಿ ಅದನ್ನು 200ಕ್ಕೆ ತಂದರು. ಸಾಲದೆ ಹೋದದ್ದನ್ನು ತುಂಬಿಕೊಟ್ಟದ್ದು ನಾಸಾಕ್ಕಾಗಿ ಜರ್ಮನಿಯ ಝೈಸ್ ಕಂಪನಿ ತಯಾರಿಸಿದ್ದ ಎಫ್ 0.7ರ ಲೆನ್ಸ್. ಅಷ್ಟು ಅಗಲ ಬಾಯಿಯ ಲೆನ್ಸಿನಲ್ಲಿ ಫೋಕಸ್ ಎಷ್ಟು ತೆಳುವೆಂದರೆ ನಟರು ತುಸು ಮುಂದೆ ಬಾಗಿದರೂ ಮುಖ ಮಸುಕು. ಛಾಯಾಗ್ರಾಹಕ ಜಾನ್ ಆಲ್ಕಾಟ್ ಅವರಿಗೆ ಆಸ್ಕರ್ ಬಂತು.

ಈಗ 2023ರ ‘ದಿ ಕ್ರಿಯೇಟರ್’ ನೋಡೋಣ. ಆ ಭಾರಿ ಚಿತ್ರವನ್ನು ಮುಖ್ಯವಾಗಿ ತೆಗೆದದ್ದು ಸೋನಿಯ ಎಫ್ಎಕ್ಸ್3 ಎಂಬ ಪುಟ್ಟ ಕ್ಯಾಮೆರಾದಲ್ಲಿ, ಹಾಲಿವುಡ್ ಲೆಕ್ಕಕ್ಕೆ ಚಿಲ್ಲರೆ ಎನ್ನಬಹುದಾದ ಸುಮಾರು 4 ಸಾವಿರ ಡಾಲರಿನದು. ಅದರ ಎರಡನೆಯ ಮೂಲ ಐಎಸ್‌ಒ 12800. ಕೂಬ್ರಿಕ್‌ರ 200ಕ್ಕೆ ಇದು 64 ಪಟ್ಟು, ಅಂದರೆ ಆರು ಮೆಟ್ಟಿಲು. ಕೂಬ್ರಿಕ್‌ಗೆ ಎಫ್ 0.7 ಬೇಕಾದ ಕಡೆ ಇಂದು ಎಫ್ 5.6ರ ಸಾಮಾನ್ಯ ಲೆನ್ಸ್ ಸಾಕೆಂದು ಲೆಕ್ಕ ಹೇಳುತ್ತದೆ!

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಮಾಡಬೇಕು. ಎಫ್ 5.6ರಲ್ಲಿ ಒಳಬರುವ ಬೆಳಕು ಎಫ್ 0.7ರ 64ರಲ್ಲಿ ಒಂದು ಪಾಲು. 64ರ ವರ್ಗಮೂಲ 8. ಅದೇ ಸೆನ್ಸರ್‌ಗೆ ದೊಡ್ಡ ಬಾಯಿಯ ಲೆನ್ಸ್ ಹಾಕಿದ್ದರೆ ಸಿಗುತ್ತಿದ್ದ ಚಿತ್ರಕ್ಕಿಂತ ಇಲ್ಲಿ ಗದ್ದಲದ ಪಾಲು ಎಂಟು ಪಟ್ಟು ಹೆಚ್ಚು. ಒಳ್ಳೆಯ ಕ್ಯಾಮೆರಾ ಈ ಸಾಲವನ್ನು ಭರಿಸಬಲ್ಲದು, ಆದರೆ ಮನ್ನಾ ಮಾಡಲಾರದು. ಹತ್ತನೇ ತರಗತಿಯ ಗಣಿತಕ್ಕೆ ಮೀರಿದ್ದು ಇದರಲ್ಲಿ ಏನೂ ಇಲ್ಲ. ‘ಸಿನಿಮಾ ಓದಲು ಗಣಿತ ಯಾಕೆ’ ಎನ್ನುವ ಮಗನಿಗೆ ತೋರಿಸಬಹುದು.

ಕತ್ತಲೆಗೂ ದೀಪ ಬೇಕು

ಹಾಗಾದರೆ ರಾತ್ರಿಯನ್ನು ತೆಗೆಯುವುದು ಹೇಗೆ? 2004ರ ‘ಕೊಲ್ಯಾಟರಲ್’ ಚಿತ್ರದ ಬಹುಪಾಲನ್ನು ನಿರ್ದೇಶಕ ಮೈಕೆಲ್ ಮನ್ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು ಲಾಸ್ ಏಂಜಲೀಸಿನ ರಾತ್ರಿಗಾಗಿ. ಬೀದಿದೀಪಗಳ ಬೆಳಕು ಮಂಜಿಗೆ, ಮೋಡಕ್ಕೆ ತಾಕಿ ಆಕಾಶವೇ ಹೊಳೆಯುವುದನ್ನು ಫಿಲ್ಮು ಹಿಡಿಯುತ್ತಿರಲಿಲ್ಲ. ಆದರೂ ಟ್ಯಾಕ್ಸಿಯ ಒಳಗಿನ ಮುಖಗಳಿಗೆ ಬೇರೆಯಾಗಿಯೇ ಬೆಳಕು ಕೊಟ್ಟರು. ಕ್ಯಾಮೆರಾ ಎಷ್ಟೇ ಚುರುಕಾದರೂ ಮುಖವನ್ನು ಅದೃಷ್ಟಕ್ಕೆ ಬಿಡಲಿಲ್ಲ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ಅವರನ್ನು ಇಲ್ಲಿ ನೆನೆಯಬೇಕು. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕೋಲು ಅವರ ಕೈಚಳಕ. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದ್ದರು. ಆ ದೃಶ್ಯದಲ್ಲಿ ಕತ್ತಲೆ ಅಷ್ಟು ಗಾಢವಾಗಿ ಕಾಣುವುದು ಪಕ್ಕದಲ್ಲಿ ಅಷ್ಟು ಬೆಳಕಿರುವುದರಿಂದ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರಾದರು.

ಇಂದಿನ ಛಾಯಾಗ್ರಾಹಕರೂ ಮಾಡುವುದು ಇದನ್ನೇ. ರಾತ್ರಿಯ ದೃಶ್ಯವನ್ನು ಬೇಕಾದುದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕಿನಲ್ಲಿ ತೆಗೆದು, ಆಮೇಲೆ ಬಣ್ಣ ತಿದ್ದುವಾಗ ಕತ್ತಲಾಗಿಸುತ್ತಾರೆ. ಹಾಗೆ ಇಳಿಸಿದಾಗ ಗದ್ದಲವೂ ಕಪ್ಪಿನೊಳಗೆ ಮುಳುಗುತ್ತದೆ. ಕಡಿಮೆ ಬೆಳಕಿನಲ್ಲಿ ತೆಗೆದು ಆಮೇಲೆ ಎತ್ತಲು ಹೋದರೆ ಅದೇ ಗದ್ದಲ ಮೇಲೆದ್ದು ಕುಣಿಯುತ್ತದೆ. ದೀಪದ ಜ್ವಾಲೆಯಂಥ ಪ್ರಖರ ಜಾಗಗಳು ಪೂರ್ತಿ ಬಿಳಿಚಿಕೊಳ್ಳದಂತೆ ಮಾತ್ರ ಎಚ್ಚರ ಬೇಕು. ತುಂಬಿ ಚೆಲ್ಲಿದ ಲೋಟದ ನೀರನ್ನು ಮತ್ತೆ ಅಳೆಯಲಾಗದು. ರಸ್ತೆಗೆ ನೀರು ಚಿಮುಕಿಸುವುದು, ಮುಸ್ಸಂಜೆಯ ಇಪ್ಪತ್ತು ನಿಮಿಷಗಳಲ್ಲಿ ‘ರಾತ್ರಿ’ಯನ್ನು ಮುಗಿಸುವುದು, ನಟಿಯ ಹೆಗಲಂಚಿಗೆ ಹಿಂದಿನಿಂದ ಪುಟ್ಟ ದೀಪವಿಡುವುದು ಎಲ್ಲವೂ ಹಳೆಯ, ಅಗ್ಗದ ಉಪಾಯಗಳು.

ಕಣ್ಣಿನ ಮೋಸವೂ ಒಂದಿದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾದ ಪುಟ್ಟ ಪರದೆ ಝಗಝಗಿಸಿದಂತೆ ಕಂಡು, ಬೆಳಕು ಹೆಚ್ಚಾಯಿತೆಂದು ಇನ್ನಷ್ಟು ಇಳಿಸುತ್ತಾರೆ. ಅನುಭವಿಗಳು ಪರದೆಯನ್ನು ನಂಬದೆ ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವ ಫಾಲ್ಸ್ ಕಲರ್ ಅಥವಾ ಗ್ರಾಫನ್ನು ನೋಡುತ್ತಾರೆ. ನೋಡುಗರ ಮನೆಯ ಟಿವಿಯದು ಇನ್ನೊಂದು ಕತೆ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ರಾತ್ರಿ ಯುದ್ಧದ ಕಂತು ಪ್ರಸಾರವಾದಾಗ ಏನೂ ಕಾಣುತ್ತಿಲ್ಲ ಎಂದು ಜನ ಗೊಣಗಿದರು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್, ಬಹಳ ಮಂದಿಗೆ ತಮ್ಮ ಟಿವಿಯನ್ನು ಸರಿಹೊಂದಿಸಿಕೊಳ್ಳಲು ಬಾರದು ಎಂದರು. ಎರಡೂ ಕಡೆ ಸ್ವಲ್ಪ ಸ್ವಲ್ಪ ನಿಜವಿದ್ದಿರಬೇಕು.

ಕ್ಯಾಮೆರಾಕ್ಕೆಂದು ಕೂಡಿಟ್ಟ ಹಣ ಮನೆಯಲ್ಲಿದ್ದರೆ, ಅದರಲ್ಲಿ ಸಣ್ಣ ಪಾಲನ್ನು ಮೊದಲು ಎರಡು ಎಲ್ಇಡಿ ದೀಪಗಳಿಗೂ ಒಂದು ಅಗಲ ಬಾಯಿಯ ಲೆನ್ಸಿಗೂ ತೆಗೆದಿಡುವುದು ಜಾಣತನ. ಕ್ಯಾಮೆರಾ ಬಾಡಿಗೆಗೂ ಸಿಗುತ್ತದೆ, ಎರಡು ವರ್ಷಕ್ಕೆ ಹಳತೂ ಆಗುತ್ತದೆ. ದೀಪ, ಲೆನ್ಸುಗಳಿಗೆ ಅಷ್ಟು ಬೇಗ ವಯಸ್ಸಾಗುವುದಿಲ್ಲ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪ್ರಯೋಗವಿದೆ. ಮೊಬೈಲ್ ಕ್ಯಾಮೆರಾದಲ್ಲಿ ‘ಪ್ರೊ’ ವಿಧಾನವಿದ್ದರೆ ಐಎಸ್‌ಒವನ್ನು ತುದಿಗೇರಿಸಿ, ಶಟರ್ ಕಾಲವನ್ನು ಹತ್ತು ಸೆಕೆಂಡಿಗೆ ಇಡಿ. ರಾ ರೂಪದಲ್ಲಿ ಉಳಿಸುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಫೋನು ತಣ್ಣಗಿರುವಾಗ ಅದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯೊಳಗಿಟ್ಟು, ಟೈಮರ್ ಹಾಕಿ ಒಂದು ಚಿತ್ರ ತೆಗೆಯಿರಿ. ಆಮೇಲೆ ಅರ್ಧ ಗಂಟೆ ಅದರಲ್ಲಿ ಆಟವಾಡಿ, ಬಿಸಿಯಾದ ಮೇಲೆ ಇನ್ನೊಂದು. ಎರಡನ್ನೂ ಕಂಪ್ಯೂಟರಿಗೆ ಹಾಕಿ, ಪ್ರಖರತೆ ಏರಿಸಿ ನೋಡಿ. ಎರಡನೆಯದರಲ್ಲಿ ಚುಕ್ಕೆಗಳು ಹೆಚ್ಚಿರಬೇಕು. ನಾಲ್ಕಾರು ದೊಡ್ಡ ಚುಕ್ಕೆಗಳ ಜಾಗವನ್ನು ಗುರುತು ಹಾಕಿಕೊಳ್ಳಿ. ಮರುದಿನ ಮತ್ತೆ ತೆಗೆದಾಗ ಅವು ಅದೇ ಜಾಗದಲ್ಲಿ ಕೂತಿರುತ್ತವೆ. ಉಳಿದವು ಸ್ಥಳ ಬದಲಿಸಿರುತ್ತವೆ.